ಒಮ್ಮುಖ ದೀಪ

"ಇಲ್ಲಿ ತಲೆ ಓಡಿಸೋ ಕೆಲಸ ಏನೂ ಇಲ್ಲಪ್ಪ. ದೀಪ ಹತ್ತಿದ ಕಡೆ ಕೈ ಹಾಕು, ಎಷ್ಟು ಅಂತ ತೋರಿಸ್ತದೋ ಅಷ್ಟು ತೆಗಿ, ಗುಂಡಿ ಒತ್ತು, ಮುಂದೆ ಹೋಗು." ಹೊಸಕೋಟೆ ಕಡೆಯ ಒಂದು ದೊಡ್ಡ ಗೋದಾಮಿಗೆ ಪರಿಚಯಸ್ಥರೊಬ್ಬರ ಜೊತೆ ಹೋಗಿದ್ದೆ. ಅವತ್ತೇ ಕೆಲಸಕ್ಕೆ ಸೇರಿದ್ದ ಹುಡುಗನೊಬ್ಬನಿಗೆ ಸೂಪರ್‌ವೈಸರ್ ಕೊಟ್ಟ ತರಬೇತಿ ಇಷ್ಟೇ. ಹುಡುಗ ತಲೆಯಾಡಿಸಿದ, ನೀಲಿ ಕ್ರೇಟೊಂದನ್ನು ಎಳೆದುಕೊಂಡ, ಅರ್ಧ ಗಂಟೆಯೊಳಗೆ ಅಕ್ಕಪಕ್ಕದವರ ಸಮಕ್ಕೆ ಕೈ ಆಡಿಸತೊಡಗಿದ. ಜೊತೆಗಿದ್ದವರು ಹೆಮ್ಮೆಯಿಂದ ನನ್ನ ಕಡೆ ನೋಡಿದರು. ನನಗೂ ಬೆರಗಾಯಿತು. ಆ ಬೆರಗು ಸುಳ್ಳಲ್ಲ. ಆದರೆ ಅದರ ಬೆನ್ನಿಗೇ ಒಂದು ಅಭಿಪ್ರಾಯ ನುಸುಳಿಕೊಂಡು ಬರುತ್ತದೆ: ಈ ಕೆಲಸಕ್ಕೆ ಇನ್ನು ತಿಳಿವಳಿಕೆ ಬೇಕಿಲ್ಲ ಎಂಬುದು. ಅದನ್ನು ನಾನು ಒಪ್ಪಲಾರೆ.

ನೋಡದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಈ ಏರ್ಪಾಡಿಗೆ ಗೋದಾಮಿನವರು ಪಿಕ್ ಟು ಲೈಟ್ ಎನ್ನುತ್ತಾರೆ. ರ‍್ಯಾಕಿನ ಒಂದೊಂದು ಬಿನ್ನಿನ ಕೆಳಗೂ ಒಂದು ಪುಟ್ಟ ಪೆಟ್ಟಿಗೆ. ಅದರಲ್ಲಿ ಒಂದು ಎಲ್‌ಇಡಿ ದೀಪ, ಅಂಕಿ ತೋರಿಸುವ ಕಿರುಪರದೆ, ಒಂದು ಗುಂಡಿ. ಆರ್ಡರಿನ ಕ್ರೇಟಿಗೆ ಅಂಟಿಸಿದ ಬಾರ್‌ಕೋಡನ್ನು ಸ್ಕ್ಯಾನ್ ಮಾಡಿದ ಕೂಡಲೇ ಆ ಆರ್ಡರಿಗೆ ಬೇಕಾದ ಸಾಮಾನಿರುವ ಬಿನ್ನುಗಳ ದೀಪ ಹತ್ತಿಕೊಳ್ಳುತ್ತದೆ. ಒಂದರ ಪರದೆಯಲ್ಲಿ 2, ಇನ್ನೊಂದರಲ್ಲಿ 5. ಅಷ್ಟನ್ನು ತೆಗೆದು ಕ್ರೇಟಿಗೆ ಹಾಕಿ ಗುಂಡಿ ಒತ್ತಿದರೆ ದೀಪ ಆರುತ್ತದೆ. ಎಲ್ಲ ಆರಿದ ಮೇಲೆ ಕ್ರೇಟು ಮುಂದಿನ ವಲಯಕ್ಕೆ ಸಾಗುತ್ತದೆ. ಇದನ್ನೇ ತಿರುಗಿಸಿದರೆ ಪುಟ್ ಟು ಲೈಟ್: ಸಾಮಾನು ಕೈಯಲ್ಲಿರುತ್ತದೆ, ಯಾವ ಗಿರಾಕಿಯ ಗೂಡಿಗೆ ಎಷ್ಟು ಹಾಕಬೇಕೆಂದು ದೀಪ ಹೇಳುತ್ತದೆ. ಜಪಾನಿನಲ್ಲಿ ಇದು ಡಿಜಿಟಲ್ ಪಿಕ್ಕಿಂಗ್ ಎಂಬ ಹೆಸರಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ನಮ್ಮಲ್ಲೂ ನೋಯ್ಡಾದ ಆ್ಯಡ್‌ವರ್ಬ್‌ನಂಥ ಕಂಪನಿಗಳು ಇದನ್ನು ತಯಾರಿಸುತ್ತವೆ. ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆ, ಮಾಲೂರು ಎಂದು ಬೆಂಗಳೂರನ್ನು ಸುತ್ತುವರಿದಿರುವ ಗೋದಾಮುಗಳಲ್ಲಿ ನಡೆಯುವ ಕೆಲಸದ ಸ್ವರೂಪ ತಿಳಿಯಬೇಕಾದರೆ ಇಂಥ ಸಾಧನಗಳನ್ನು ಹತ್ತಿರದಿಂದ ನೋಡಬೇಕು.

ಇವುಗಳ ಬಗ್ಗೆ ಮಾರುವವರು, ಕೊಳ್ಳುವವರು, ಮ್ಯಾನೇಜ್‌ಮೆಂಟ್ ಪಾಠ ಹೇಳುವವರು ಎಲ್ಲರ ಬಾಯಲ್ಲೂ ಮೂರು ಮಾತು. ಕೆಲಸದ ವೇಗ ಏರುತ್ತದೆ. ತಪ್ಪು ಇಳಿಯುತ್ತದೆ. ಹೊಸಬರು ಅರ್ಧ ಗಂಟೆಯಲ್ಲಿ ತಯಾರಾಗುತ್ತಾರೆ, ಯಾಕೆಂದರೆ ಓದು ಬೇಡ, ಭಾಷೆ ಬೇಡ, ಸಾಮಾನಿನ ಪರಿಚಯವೂ ಬೇಡ. ವಿಚಿತ್ರವೆಂದರೆ ಈ ಮೂರನೆಯ ಮಾತನ್ನು ಇದರ ವಿರೋಧಿಗಳೂ ಒಪ್ಪಿಬಿಟ್ಟಿದ್ದಾರೆ. ಕಾರ್ಮಿಕರ ಪರ ಬರೆಯುವವರ ಲೇಖನಗಳಲ್ಲೂ ಸಾಮಾನು ತೆಗೆಯುವ ಪಿಕ್ಕರ್ ಎಂದರೆ ದೀಪಕ್ಕೆ ಕುಣಿಯುವ ಗೊಂಬೆ, ಕೌಶಲ ಕಳೆದುಕೊಂಡ ಬಡಪಾಯಿ. ಒಬ್ಬರು ಇದನ್ನು ಲಾಭವೆಂದು ಬರೆಯುತ್ತಾರೆ, ಇನ್ನೊಬ್ಬರು ನಷ್ಟವೆಂದು. ಕೌಶಲ ಹೋಯಿತು ಎನ್ನುವುದರಲ್ಲಿ ಇಬ್ಬರಿಗೂ ಒಮ್ಮತ. ನನ್ನ ತಕರಾರು ಆ ಒಮ್ಮತದ ಜೊತೆಗೆ. ಕೆಲಸಗಾರರ ತಿಳಿವಳಿಕೆ ಎಲ್ಲಿಗೂ ಹೋಗಿಲ್ಲ, ಗೋದಾಮು ಈಗಲೂ ಅದರ ಮೇಲೆಯೇ ನಿಂತಿದೆ. ಅದನ್ನು ಕೇಳಿಸಿಕೊಳ್ಳುವ ಕಿವಿ ಮಾತ್ರ ಇಲ್ಲವಾಗಿದೆ.

ಮೊದಲು ವೇಗದ ಮಾತು. ಜೇಮ್ಸ್ ಟಾಂಪ್ಕಿನ್ಸ್ ಮತ್ತು ಸಂಗಡಿಗರು ಬರೆದ ಫೆಸಿಲಿಟೀಸ್ ಪ್ಲಾನಿಂಗ್ ಎಂಬ ಪಠ್ಯಪುಸ್ತಕದಲ್ಲಿ ಒಂದು ಲೆಕ್ಕವಿದೆ. ಗೋದಾಮಿನ ಬಗ್ಗೆ ಬರೆಯುವವರೆಲ್ಲ ಅದನ್ನೇ ಎತ್ತಿಕೊಳ್ಳುತ್ತಾರೆ. ಸಾಮಾನ್ಯ ಗೋದಾಮಿನಲ್ಲಿ ಪಿಕ್ಕರ್‌ನ ಸಮಯದಲ್ಲಿ ಸುಮಾರು ಶೇ. 50 ನಡೆದಾಡುವುದಕ್ಕೆ, 20 ಹುಡುಕುವುದಕ್ಕೆ, 15 ಸಾಮಾನು ತೆಗೆಯುವುದಕ್ಕೆ, 10 ಪಟ್ಟಿ, ಕ್ರೇಟು ಮುಂತಾದವನ್ನು ಸಜ್ಜು ಮಾಡಿಕೊಳ್ಳುವುದಕ್ಕೆ, ಉಳಿದ 5 ಇತರ ಕೆಲಸಕ್ಕೆ. ಈಗ ದೀಪ ಯಾವುದನ್ನು ಉಳಿಸುತ್ತದೆ ನೋಡಿ. ಬಿನ್ ಹುಡುಕುವ 20ನ್ನು ಪೂರ್ತಿ ಅಳಿಸಿತು ಎಂದೇ ಇಟ್ಟುಕೊಳ್ಳೋಣ. 60 ನಿಮಿಷದ ಕೆಲಸ 48 ನಿಮಿಷಕ್ಕೆ ಮುಗಿಯುತ್ತದೆ. ಗಂಟೆಗೆ 100 ತೆಗೆಯುತ್ತಿದ್ದವರು 125 ತೆಗೆಯುತ್ತಾರೆ. ಕಾಗದ ಹಿಡಿದು ಗುರುತು ಹಾಕಿಕೊಳ್ಳುವ 10ನ್ನೂ ಅಳಿಸಿತು ಎಂದರೆ 42 ನಿಮಿಷ. 100 ಇದ್ದದ್ದು ಹೆಚ್ಚುಕಡಿಮೆ 143. ಇದು ಒಳ್ಳೆಯ ಗಳಿಕೆಯೇ. ಆದರೆ ಎರಡು ಪಟ್ಟು, ಮೂರು ಪಟ್ಟು ಎಂಬ ಮಾತು ದೀಪವೊಂದರಿಂದ ಈ ಲೆಕ್ಕದೊಳಗೆ ಹುಟ್ಟಲಾರದು. ಮಿಕ್ಕಿದ್ದು ಎಲ್ಲಿಂದ ಬರುತ್ತದೆ?

ನಡಿಗೆಯಿಂದ. ದೀಪ ಕೂರಿಸುವ ಮೊದಲು ಗೋದಾಮನ್ನು ಕೆದಕಿ ಮತ್ತೆ ಜೋಡಿಸುತ್ತಾರೆ. ಪ್ರತಿ ಬಿನ್ನಿಗೂ ಒಂದು ಪೆಟ್ಟಿಗೆ, ಅದಕ್ಕೆ ವೈರು ಎಂದರೆ ಖರ್ಚು ದೊಡ್ಡದು. ತಿಂಗಳಿಗೊಮ್ಮೆ ಕೈ ಹಾಕುವ ಸಾಮಾನಿಗೆ ಯಾರೂ ದೀಪ ಕೂರಿಸುವುದಿಲ್ಲ. ಹಾಗಾಗಿ ಬೇಗ ಖಾಲಿಯಾಗುವ ಸಾಮಾನನ್ನೆಲ್ಲ ಆರಿಸಿ ಒಂದೆಡೆ ತರುತ್ತಾರೆ. ಹಿಂದಿನಿಂದ ತುಂಬಿದರೆ ಮುಂದಕ್ಕೆ ಜಾರಿ ಬರುವ ಇಳಿಜಾರು ರ‍್ಯಾಕ್ ಹಾಕುತ್ತಾರೆ. ಹೆಚ್ಚು ಹೋಗುವುದು ಸೊಂಟದಿಂದ ಭುಜದ ಎತ್ತರದೊಳಗೆ, ಕಮ್ಮಿ ಹೋಗುವುದು ಮೇಲೆ ಕೆಳಗೆ. ಒಬ್ಬೊಬ್ಬರಿಗೆ ಐದಾರು ಹೆಜ್ಜೆಯ ವಲಯ. ಅರ್ಧ ಗೋದಾಮು ಸುತ್ತಬೇಕಿದ್ದ ಕಾಲು ಈಗ ನಿಂತಲ್ಲೇ ತಿರುಗುತ್ತದೆ. ಈ ಜೋಡಣೆಯನ್ನು ಮಾಡಿ ಕೈಗೆ ಕಾಗದದ ಪಟ್ಟಿಯನ್ನೇ ಕೊಟ್ಟಿದ್ದರೂ ಗಳಿಕೆಯ ದೊಡ್ಡ ಪಾಲು ಬರುತ್ತಿತ್ತು. ಎರಡೂ ಒಟ್ಟಿಗೆ ನಡೆಯುವುದರಿಂದ, ಹೊಳೆಯುವುದು ದೀಪವೇ ಆದ್ದರಿಂದ, ಹೆಸರು ಅದಕ್ಕೆ ಹೋಗುತ್ತದೆ. ಇನ್ನೊಂದು ಕಡೆಯನ್ನೂ ಹೇಳಬೇಕು: ನಡಿಗೆ ಕಡಿಮೆಯಾದ ಮೇಲೆ ಉಳಿದ ಸಮಯದಲ್ಲಿ ಹುಡುಕಾಟದ ಪಾಲು ದೊಡ್ಡದಾಗುತ್ತದೆ, ಅಲ್ಲಿ ದೀಪ ಮೇಲಿನ ಲೆಕ್ಕಕ್ಕಿಂತ ಹೆಚ್ಚು ಉಪಕಾರಿ. ಆದರೆ ಆ ಹೆಚ್ಚುಗಾರಿಕೆ ನಿಂತಿರುವುದು ಜೋಡಣೆಯ ಹೆಗಲ ಮೇಲೆ.

ಈ ಜೋಡಣೆ ಒಮ್ಮೆ ಮಾಡಿ ಮರೆಯುವಂಥದ್ದೂ ಅಲ್ಲ. ಮಳೆಗಾಲಕ್ಕೆ ಕೆಮ್ಮಿನ ಸಿರಪ್ಪು, ಬೇಸಿಗೆಗೆ ಓಆರ್‌ಎಸ್, ಹಬ್ಬಕ್ಕೆ ಇನ್ನೇನೋ. ಯಾವ ಎರಡು ಸಾಮಾನು ಯಾವಾಗಲೂ ಜೊತೆಯಾಗಿ ಹೋಗುತ್ತವೆ, ಯಾವ ಡಬ್ಬ ಮೇಲಿನ ಸಾಲಿನಲ್ಲಿಟ್ಟರೆ ಕೈಜಾರುತ್ತದೆ, ಯಾವ ಬಿನ್ ಮಧ್ಯಾಹ್ನದೊಳಗೆ ಖಾಲಿಯಾಗಿ ಎಲ್ಲರನ್ನೂ ನಿಲ್ಲಿಸುತ್ತದೆ ಎಂಬುದು ದಿನವಿಡೀ ಅಲ್ಲೇ ಕೈ ಹಾಕುವವರಿಗೆ ಕಂಪ್ಯೂಟರಿನ ವರದಿಗಿಂತ ಮೊದಲೇ ಗೊತ್ತಾಗುತ್ತದೆ. ನಮ್ಮ ಬೀದಿಯ ಮೆಡಿಕಲ್ ಶಾಪಿನ ಹುಡುಗ ಚೀಟಿಯನ್ನು ಅರ್ಧ ಓದುವಷ್ಟರಲ್ಲಿ ಕೈ ಡ್ರಾಯರಿಗೆ ಹೋಗಿರುತ್ತದೆ, ಏಕೆಂದರೆ ಅಂಗಡಿಯನ್ನು ಜೋಡಿಸಿದ್ದೂ ಅವನೇ. ಗೋದಾಮಿನಲ್ಲಿ ಜೋಡಿಸುವವರು ಬೇರೆ, ತೆಗೆಯುವವರು ಬೇರೆ. ದೀಪ ಆ ಅಂತರವನ್ನು ಮುಚ್ಚುವ ಬದಲು ಅದು ಇಲ್ಲವೆನ್ನಿಸುವಂತೆ ಮಾಡುತ್ತದೆ.

ಮೇಲೆ ವಲಯಗಳ ವಿಷಯ ಬಂತು. ದೀಪದ ಸಾಲಿನಲ್ಲಿ ಪ್ರತಿಯೊಬ್ಬರಿಗೂ ಗಡಿ ಹಾಕಿಕೊಡುವುದು ರೂಢಿ. ಎಂಜಿನಿಯರು ಕೆಲಸವನ್ನು ಸಮನಾಗಿ ಹಂಚಿದ್ದೇನೆ ಎನ್ನುತ್ತಾನೆ, ಆದರೆ ಆರ್ಡರುಗಳು ಸಮನಾಗಿ ಬರುವುದಿಲ್ಲ, ಮನುಷ್ಯರೂ ಸಮವೇಗದವರಲ್ಲ. ಒಬ್ಬರ ಮುಂದೆ ಕ್ರೇಟು ಗುಡ್ಡೆ ಬೀಳುತ್ತದೆ, ಪಕ್ಕದವರು ಕೈಕಟ್ಟಿ ಕಾಯುತ್ತಾರೆ. ಜಾನ್ ಬಾರ್ತೋಲ್ಡಿ ಮತ್ತು ಡೊನಾಲ್ಡ್ ಐಸೆನ್‌ಸ್ಟೈನ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು 1996ರಲ್ಲಿ ಇಂಥ ಸಾಲುಗಳ ಬಗ್ಗೆ ಪ್ರಕಟಿಸಿದ ಪ್ರಬಂಧವೊಂದು ನನಗೆ ಬಹಳ ಇಷ್ಟ. ಬೆಂಕಿ ಬಿದ್ದಾಗ ಕೆರೆಯಿಂದ ಮನೆಯವರೆಗೆ ಜನ ಸಾಲಾಗಿ ನಿಂತು ಕೊಡ ದಾಟಿಸುತ್ತಾರಲ್ಲ, ಅದರ ಹೆಸರನ್ನೇ ಅವರು ತಮ್ಮ ಪದ್ಧತಿಗೆ ಇಟ್ಟರು. ಗಡಿ ತೆಗೆದುಬಿಡಿ. ನಿಧಾನದವರಿಂದ ಚುರುಕಿನವರವರೆಗೆ ಕ್ರಮವಾಗಿ ನಿಲ್ಲಿಸಿ. ಕೊನೆಯವರು ಆರ್ಡರ್ ಮುಗಿಸಿದ ಕೂಡಲೇ ಹಿಂದಕ್ಕೆ ನಡೆದು, ಹಿಂದಿನವರ ಕೈಯಲ್ಲಿರುವುದನ್ನು ಇಸಿದುಕೊಂಡು ಮುಂದುವರಿಸಲಿ. ಅವರು ತಮ್ಮ ಹಿಂದಿನವರಿಂದ ಇಸಿದುಕೊಳ್ಳಲಿ. ಮೊದಲನೆಯವರು ಹೊಸ ಆರ್ಡರ್ ಶುರು ಮಾಡಲಿ. ಇಷ್ಟೇ ನಿಯಮ. ಯಾರೂ ಲೆಕ್ಕ ಹಾಕದೆ ಸಾಲು ತನ್ನಷ್ಟಕ್ಕೆ ಸಮತೂಕಕ್ಕೆ ಬರುತ್ತದೆ ಎಂದು ಅವರು ಗಣಿತದಿಂದ ತೋರಿಸಿದರು. ಅಮೆರಿಕದ ದೊಡ್ಡ ಚಿಲ್ಲರೆ ಸರಣಿಯೊಂದರ ವಿತರಣಾ ಕೇಂದ್ರದಲ್ಲಿ ಪಿಕ್ಕರ್‌ಗಳು ಹೀಗೆ ಕೆಲಸ ಮಾಡತೊಡಗಿದ ಮೇಲೆ ಉತ್ಪಾದಕತೆ ಶೇ. 30ಕ್ಕೂ ಹೆಚ್ಚು ಏರಿತು. ಕೆಲಸಗಾರರು ಒಬ್ಬರನ್ನೊಬ್ಬರು ಕಣ್ಣಿಂದ ನೋಡಿ, ಕೈಯಿಂದ ಕೈಗೆ ದಾಟಿಸಿದ್ದರ ಫಲ ಅದು. ಮೇಲಿನ ಲೆಕ್ಕದಲ್ಲಿ ಹುಡುಕಾಟವನ್ನು ಪೂರ್ತಿ ಅಳಿಸಿದ ದೀಪ ಕೊಟ್ಟದ್ದು ಶೇ. 25 ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಇನ್ನು ತಪ್ಪಿನ ಮಾತು. ಇಲ್ಲಿಯೇ ಪ್ರಚಲಿತ ಅಭಿಪ್ರಾಯ ಅತ್ಯಂತ ಗಟ್ಟಿಯಾಗಿ ಕಾಣುತ್ತದೆ, ಇಲ್ಲಿಯೇ ಅತ್ಯಂತ ಪೊಳ್ಳು. ದೀಪಕ್ಕೆ ಗೊತ್ತಿರುವುದು ಜಾಗ. ಆ ಜಾಗದಲ್ಲಿ ಏನಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಗುಂಡಿ ಒತ್ತಿದಾಗ ಕಂಪ್ಯೂಟರಿಗೆ ತಲುಪುವುದು ಬೆರಳು ಗುಂಡಿಯನ್ನು ಮುಟ್ಟಿತು ಎಂಬ ಸುದ್ದಿ ಮಾತ್ರ. ಕೈ ಪಕ್ಕದ ಬಿನ್ನಿಗೆ ಹೋಗಿತ್ತೇ, ಎರಡರ ಬದಲು ಮೂರು ಬಂದವೇ, ಅದಕ್ಕೆ ಕಾಣದು. ಪಟ್ಟಿ ಓದಿ ತೆಗೆಯುವಾಗ ಸಾಲು ತಪ್ಪುವುದು, 6ನ್ನು 9 ಎಂದು ಓದುವುದು ಇವೆಲ್ಲ ದೀಪದಿಂದ ತಪ್ಪುತ್ತವೆ, ನಿಜ. ಆದರೆ ಇನ್ನೊಂದು ಬಗೆಯ ತಪ್ಪಿದೆ: ಬಿನ್ ತುಂಬುವವರು ಒಂದರ ಜಾಗಕ್ಕೆ ಇನ್ನೊಂದನ್ನು ತುಂಬುವುದು. ಹಳೆಯ ಪದ್ಧತಿಯಲ್ಲಿ ಪಟ್ಟಿಯಲ್ಲಿ ಸಾಮಾನಿನ ಹೆಸರಿರುತ್ತಿತ್ತು, ಪಿಕ್ಕರ್ ಓದಿ, ಡಬ್ಬ ನೋಡಿ, "ಇದು ಅದಲ್ಲವಲ್ಲ" ಎನ್ನಲು ಅವಕಾಶವಿತ್ತು. ದೀಪದಲ್ಲಿ ಹೆಸರೇ ಇಲ್ಲ, ಬರಿ ಅಂಕಿ. ತುಂಬುವಾಗ ಆದ ಒಂದು ತಪ್ಪು ಆ ಬಿನ್ ಖಾಲಿಯಾಗುವವರೆಗೆ ಪ್ರತಿ ಆರ್ಡರಿಗೂ ಹಂಚಿಹೋಗುತ್ತದೆ, ಪ್ರತಿ ಸಲವೂ ಗುಂಡಿ ಒತ್ತಿ ಸರಿಯಿದೆ ಎಂದು ದಾಖಲಾಗುತ್ತದೆ.

ಶಾಂಪೂ ಪೊಟ್ಟಣದ ವಿಷಯದಲ್ಲಿ ಇದು ಸಣ್ಣ ಕಿರಿಕಿರಿ. ಔಷಧಿಯ ವಿಷಯದಲ್ಲಿ ಹಾಗಲ್ಲ. ಒಂದೇ ಕಂಪನಿಯ 5 ಮಿಲಿಗ್ರಾಂ ಮತ್ತು 10 ಮಿಲಿಗ್ರಾಂ ಮಾತ್ರೆಯ ಡಬ್ಬಗಳು ಒಂದೇ ಅಳತೆ, ಒಂದೇ ಬಣ್ಣ, ಮೂಲೆಯ ಅಂಕಿ ಮಾತ್ರ ಬೇರೆ. ಅವನ್ನು ಅಕ್ಕಪಕ್ಕದಲ್ಲಿಡಬಾರದು ಎಂಬುದು ಔಷಧಿ ವ್ಯಾಪಾರದ ಹಳಬರಿಗೆ ಗೊತ್ತಿರುವ ಎಚ್ಚರ. ಎಕ್ಸ್‌ಪೈರಿ ಹತ್ತಿರದ್ದು ಮೊದಲು ಹೋಗಬೇಕು, ಪೆಟ್ಟಿಗೆಗೆ ನೀರು ಸೋಕಿದ್ದರೆ ಪಕ್ಕಕ್ಕಿಡಬೇಕು, ಸ್ಟ್ರಿಪ್ಪಿನ ಹಿಂಬದಿ ಉಬ್ಬಿದ್ದರೆ ಕಳಿಸಬಾರದು. ಇವನ್ನೆಲ್ಲ ಕಾಣುವುದು ಕಣ್ಣು ಮತ್ತು ಬೆರಳು. ನಮ್ಮ ದೇಶದಲ್ಲಿ 2023ರ ಆಗಸ್ಟ್ 1ರಿಂದ 300 ಪ್ರಮುಖ ಔಷಧ ಬ್ರ್ಯಾಂಡುಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ತೆಗೆದ ಪ್ರತಿ ಡಬ್ಬವನ್ನೂ ಸ್ಕ್ಯಾನ್ ಮಾಡಿದರೆ ಒಳಗಿರುವುದು ಏನೆಂದು ಖಚಿತವಾಗುತ್ತದೆ. ಆದರೆ ದೀಪದ ವೇಗ ಬರುವುದೇ ಸ್ಕ್ಯಾನರ್ ಹಿಡಿಯದ ಬಿಡುಗೈಯಿಂದ. ಪ್ರತಿ ಡಬ್ಬವನ್ನೂ ತೋರಿಸಿ ಹಾಕಬೇಕೆಂದರೆ ಮಾರುವವರು ಕೊಟ್ಟ ಅಂಕಿ ಉಳಿಯುವುದಿಲ್ಲ. ಕೆಲವು ಕಡೆ ಕ್ರೇಟನ್ನು ತೂಕ ಮಾಡಿ ತಾಳೆ ನೋಡುತ್ತಾರೆ. ಒಳ್ಳೆಯದು, ಆದರೆ 5 ಮತ್ತು 10 ಮಿಲಿಗ್ರಾಂ ಮಾತ್ರೆಯ ಡಬ್ಬಗಳ ತೂಕ ಹೆಚ್ಚುಕಡಿಮೆ ಒಂದೇ ಆಗಿದ್ದರೆ ತಕ್ಕಡಿಯೂ ಏನು ಮಾಡೀತು? ಕೊನೆಗೆ ಗೋದಾಮು ನೆಚ್ಚಿಕೊಂಡಿರುವುದು, ಯಾರಾದರೂ ಒಬ್ಬರು ಕೈ ತಡೆದು ಡಬ್ಬದ ಮೂಲೆಯನ್ನು ಓದುತ್ತಾರೆ ಎಂಬುದನ್ನು. ಬೇಕಿಲ್ಲ ಎಂದು ಘೋಷಿಸಿದ ತಿಳಿವಳಿಕೆಯನ್ನೇ.

ಹಾಗೆ ಕೈ ತಡೆದವರಿಗೆ ಏನಾಗುತ್ತದೆ? ಪ್ರತಿ ಗುಂಡಿಗೂ ಗಂಟೆ, ನಿಮಿಷ, ಸೆಕೆಂಡು ದಾಖಲಾಗುತ್ತದೆ. ಸಂಜೆ ಬರುವ ವರದಿಯಲ್ಲಿ ಆ ತಡೆ ಕಾಣುತ್ತದೆ, ತಡೆಯ ಕಾರಣ ಕಾಣುವುದಿಲ್ಲ. ಡಬ್ಬ ಒಡೆದಿದೆಯೇ ಎಂದು ತಿರುಗಿಸಿ ನೋಡಿದ ಎಂಟು ಸೆಕೆಂಡೂ, ಗೆಳೆಯನ ಜೊತೆ ಮಾತಾಡಿದ ಎಂಟು ಸೆಕೆಂಡೂ ಅಲ್ಲಿ ಒಂದೇ. ಎಚ್ಚರಿಕೆಯವರು ನಿಧಾನದವರ ಪಟ್ಟಿಗೆ ಸೇರುತ್ತಾರೆ. ಬಿನ್ನಿನಲ್ಲಿ ಸಾಮಾನು ಸಾಕಷ್ಟಿಲ್ಲದಿದ್ದರೆ ಅಂಕಿ ಇಳಿಸಿ ಶಾರ್ಟ್ ಎಂದು ತಿಳಿಸುವ ಏರ್ಪಾಡು ಇದೆ. ಕೆಲಸಗಾರರು ಕಂಪ್ಯೂಟರಿಗೆ ಹೇಳಬಹುದಾದ ಮಾತು ಅದೊಂದೇ: ಇಲ್ಲ. ತಪ್ಪು ಸಾಮಾನಿದೆ, ಒಡೆದಿದೆ, ಹಳತಾಗಿದೆ, ಇವೆರಡೂ ಪಕ್ಕದಲ್ಲಿರಬಾರದು ಎನ್ನಲು ನಾಲ್ಕು ಗುಂಡಿ ಇಡುವುದು ತಾಂತ್ರಿಕವಾಗಿ ಏನೂ ಕಷ್ಟವಿಲ್ಲ. ಕೇಳಬೇಕೆಂದು ಅನ್ನಿಸದೆ ಇರುವುದರಿಂದ ಅವು ಇಲ್ಲ.

ಭಾಷೆ ಬೇಡ ಎಂಬ ಹೊಗಳಿಕೆಯನ್ನು ನಾನು ತುಂಬ ಯೋಚಿಸಿದ್ದೇನೆ. ಬೆಂಗಳೂರು ಸುತ್ತಿನ ಗೋದಾಮುಗಳಲ್ಲಿ ಒಡಿಶಾ, ಅಸ್ಸಾಂ, ಬಿಹಾರದವರ ಜೊತೆ ರಾಯಚೂರು, ಕಲಬುರಗಿ ಕಡೆಯವರೂ ಹೆಗಲಿಗೆ ಹೆಗಲು ಕೊಟ್ಟು ನಿಂತಿರುತ್ತಾರೆ. ಅವರೆಲ್ಲರಿಗೂ 3 ಎಂದರೆ ಮೂರೇ. ದಸರಾ ದೀಪಾವಳಿ ಮಾರಾಟದ ವಾರಗಳಲ್ಲಿ ಹಂಗಾಮಿ ಕೆಲಸಗಾರರು ಗುಂಪುಗುಂಪಾಗಿ ಬರುತ್ತಾರೆ. ಅವರಿಗೆ ಸಾಮಾನಿನ ಹೆಸರು ಕಲಿಸುತ್ತ ಕೂತರೆ ಹಬ್ಬವೇ ಮುಗಿದಿರುತ್ತದೆ. ದೀಪದ ಪರವಾಗಿ ಹೇಳಬಹುದಾದ ವಾದಗಳಲ್ಲಿ ಇದು ಅತ್ಯಂತ ಪ್ರಾಮಾಣಿಕವಾದದ್ದು. ಊರಿಂದ ಬಂದ ಮೊದಲ ದಿನವೇ, ಓದು ಬರದಿದ್ದರೂ, ಯಾರಿಂದಲೂ ಬೈಸಿಕೊಳ್ಳದೆ ಒಬ್ಬರು ಸಂಬಳಕ್ಕೆ ದುಡಿಯಬಹುದು ಎಂಬುದು ಸಣ್ಣ ಮಾತಲ್ಲ, ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಅಪ್ಪಣೆ ಕೊಡಲು ಭಾಷೆ ಬೇಡವಾಯಿತು ಎಂದಮಾತ್ರಕ್ಕೆ ಉತ್ತರ ಹೇಳಲೂ ಬೇಡವೆಂದಾಗುವುದಿಲ್ಲ. ಭುವನೇಶ್ವರದ ಕಡೆಯ ಹೆಣ್ಣುಮಗಳೊಬ್ಬಳಿಗೆ ಬಿನ್ನಿನಲ್ಲಿ ಏನೋ ಸರಿಯಿಲ್ಲ ಎಂದು ಕಂಡರೆ ಅವಳು ಯಾರಿಗೆ, ಯಾವ ಮಾತಿನಲ್ಲಿ ಹೇಳಬೇಕು? ಹಿಂದೆ ಕೆಲಸ ಕಲಿಸುವ ನೆಪದಲ್ಲಾದರೂ ಹಳಬರೊಬ್ಬರು ಜೊತೆಗಿರುತ್ತಿದ್ದರು. ಆ ನಡುವೆ ಅರೆಬರೆ ಕನ್ನಡ, ಅರೆಬರೆ ಹಿಂದಿ ಹುಟ್ಟಿಕೊಳ್ಳುತ್ತಿತ್ತು. ಕಲಿಸುವುದೇ ಬೇಡವಾದಾಗ ಆ ಮಾತೂ ಹುಟ್ಟುವುದಿಲ್ಲ. ಮಾತು ಬೇಡ ಎಂದು ಹೊಗಳುವ ಸಾಧನ ಮೇಲಿನಿಂದ ಕೆಳಕ್ಕೆ ಮಾತ್ರ ಸರಾಗವಾಗಿದೆ.

ಬೆಳಕಿಗೇ ಈ ಗುಣವಿದೆ ಎನ್ನಲಾಗದು. ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ದುಡಿದವರಿಗೆ ಆಂಡಾನ್ ಗೊತ್ತಿರುತ್ತದೆ. ಜಪಾನಿಯಲ್ಲಿ ಆ ಪದಕ್ಕೆ ಕಾಗದದ ಲಾಟೀನು ಎಂದರ್ಥ. ಅಸೆಂಬ್ಲಿ ಸಾಲಿನಲ್ಲಿ ಬೋಲ್ಟು ಸರಿ ಕೂರಲಿಲ್ಲ, ಭಾಗ ಬಿರುಕು ಬಿಟ್ಟಿದೆ ಎಂದು ಕಂಡವರು ತಲೆಯ ಮೇಲಿನ ಹಗ್ಗ ಎಳೆಯುತ್ತಾರೆ ಅಥವಾ ಗುಂಡಿ ಒತ್ತುತ್ತಾರೆ. ಎತ್ತರದ ಫಲಕದಲ್ಲಿ ಅವರ ಜಾಗದ ದೀಪ ಹತ್ತುತ್ತದೆ, ಮೇಸ್ತ್ರಿ ಓಡಿ ಬರುತ್ತಾರೆ, ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ಇದರ ಬೇರು ಟೊಯೋಟಾ ಸಮೂಹದ ಮೂಲಪುರುಷ ಸಕಿಚಿ ಟೊಯೋಡಾ 1924ರಲ್ಲಿ ಪೂರ್ಣಗೊಳಿಸಿದ, ನೂಲು ತುಂಡಾದ ಕೂಡಲೇ ತಾನೇ ನಿಲ್ಲುವ ಮಗ್ಗದಲ್ಲಿದೆ. ಅಲ್ಲಿ ಕೆಲಸಗಾರರು ದೀಪ ಹಚ್ಚುತ್ತಾರೆ, ಮೇಲಿನವರು ಓಡಿ ಬರುತ್ತಾರೆ. ಗೋದಾಮಿನಲ್ಲಿ ಮೇಲಿನಿಂದ ದೀಪ ಹತ್ತುತ್ತದೆ, ಕೆಲಸಗಾರರು ಓಡುತ್ತಾರೆ. ಅದೇ ಎಲ್‌ಇಡಿ, ಅದೇ ವೈರು.

ಟೊಯೋಟಾದ ಸುತ್ತ ಹುಟ್ಟಿದ ಇನ್ನೊಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ತಪ್ಪು ಆಗದಂತೆ ಕೆಲಸವನ್ನೇ ಹೊಂದಿಸುವ ಉಪಾಯಗಳಿಗೆ ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಮೊದಲು ಬಳಸುತ್ತಿದ್ದ ಹೆಸರು ಬಾಕಾ ಯೋಕೆ, ಎಂದರೆ ದಡ್ಡರಿಂದ ಕೆಡದಂತೆ ಕಾಯುವುದು. 1963ರಲ್ಲಿ ಅರಕಾವಾ ವಾಹನ ಕಾರ್ಖಾನೆಯಲ್ಲಿ ಈ ಹೆಸರಿನ ಉಪಕರಣ ಕೂರಿಸಿದಾಗ, ನಾನು ಅಷ್ಟು ದಡ್ಡಿಯೇ ಎಂದು ಒಬ್ಬ ಯುವತಿ ಕಣ್ಣೀರಿಟ್ಟಳಂತೆ. ಶಿಂಗೊ ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಆಮೇಲೆ ಹೆಸರು ಬದಲಾಯಿತು: ಪೋಕಾ ಯೋಕೆ, ಅಚಾತುರ್ಯದಿಂದ ಕಾಯುವುದು. ಉಪಕರಣ ಅದೇ ಉಳಿಯಿತು. ಬದಲಾದದ್ದು, ಮನುಷ್ಯ ದಡ್ಡ ಎಂದು ಹೊರಡುತ್ತೇವೋ, ಜಾಣರೂ ಎಡವುತ್ತಾರೆ ಎಂದು ಹೊರಡುತ್ತೇವೋ ಎಂಬುದು. "ತಲೆ ಓಡಿಸೋ ಕೆಲಸ ಏನೂ ಇಲ್ಲಪ್ಪ" ಎಂದ ಸೂಪರ್‌ವೈಸರ್ ಒಳ್ಳೆಯ ಮನುಷ್ಯ, ಹುಡುಗನ ಭಯ ಕಳೆಯಲೆಂದೇ ಹಾಗೆ ಹೇಳಿದರು. ಆದರೂ ನಾವು ಇನ್ನೂ ಆ ಹಳೆಯ ಹೆಸರಿನಲ್ಲೇ ನಿಂತಿದ್ದೇವೆ ಅನ್ನಿಸಿತು.

ಮನೋವಿಜ್ಞಾನಿ ಲಿಸಾನ್ ಬೈನ್‌ಬ್ರಿಜ್ 1983ರಲ್ಲಿ ಸ್ವಯಂಚಾಲನೆಯ ಬಗ್ಗೆ ಬರೆದ ಸಣ್ಣ ಪ್ರಬಂಧದ ಸಾರವೂ ಇದಕ್ಕೆ ಹತ್ತಿರ: ಯಂತ್ರಕ್ಕೆ ಒಪ್ಪಿಸಲಾಗದ ಕಷ್ಟದ ಕೆಲಸಗಳೆಲ್ಲ ಮನುಷ್ಯರ ಪಾಲಿಗೆ ಉಳಿಯುತ್ತವೆ, ಆದರೆ ಅವನ್ನು ಮಾಡಲು ಬೇಕಾದ ಅಭ್ಯಾಸವನ್ನು ಯಂತ್ರವೇ ಕಿತ್ತುಕೊಂಡಿರುತ್ತದೆ. ಸರ್ವರ್ ಕೈಕೊಟ್ಟು ದೀಪಗಳು ಆರಿದ ದಿನ ಇದು ಗೊತ್ತಾಗುತ್ತದೆ. ಜಾಗ ಖಾಲಿ ಇದ್ದಲ್ಲಿ ಸಾಮಾನು ಇಡುವ ಪದ್ಧತಿಯಿರುವ ಗೋದಾಮಿನಲ್ಲಿ ಸೋಪಿನ ಪಕ್ಕ ಚಾರ್ಜರ್, ಚಾರ್ಜರ್ ಪಕ್ಕ ಪುಸ್ತಕ. ವರ್ಷಗಟ್ಟಲೆ ಅಲ್ಲೇ ದುಡಿದವರಿಗೂ ಯಾವುದು ಎಲ್ಲಿದೆ ಎಂದು ಹೇಳಲಾಗದು.

ವೇಗ ಉಳಿಸಿದ ಶ್ರಮ ಯಾರ ಪಾಲಾಯಿತು ಎಂಬ ಪ್ರಶ್ನೆ ಇನ್ನೂ ಇದೆ. ಅಮೆಜಾನ್ 2012ರಲ್ಲಿ ಕೀವಾ ಎಂಬ ಕಂಪನಿಯನ್ನು 77.5 ಕೋಟಿ ಡಾಲರಿಗೆ ಕೊಂಡಿತು. ಅದರ ರೋಬಾಟುಗಳು ರ‍್ಯಾಕನ್ನೇ ಹೊತ್ತು ಕೆಲಸಗಾರರ ಮುಂದೆ ತರುತ್ತವೆ. ಮೇಲೆ ಹೇಳಿದ ನಡಿಗೆಯ 50 ಅಲ್ಲಿ ಅಳಿಸಿಹೋಯಿತು. ಕಾಲು ಸೋಲದಿದ್ದರೆ ದೇಹಕ್ಕೆ ಸುಖ ಎಂದು ಯಾರಿಗಾದರೂ ಅನ್ನಿಸಬೇಕು. 2020ರಲ್ಲಿ ರಿವೀಲ್ ಎಂಬ ಅಮೆರಿಕದ ತನಿಖಾ ಪತ್ರಿಕೋದ್ಯಮ ಸಂಸ್ಥೆ ಕಂಪನಿಯ ಒಳ ದಾಖಲೆಗಳನ್ನು ಆಧರಿಸಿ ಬರೆದ ವರದಿ ಬೇರೆಯದನ್ನೇ ಹೇಳಿತು: 2016ರಿಂದ 2019ರವರೆಗೆ ರೋಬಾಟ್ ಇರುವ ಗೋದಾಮುಗಳಲ್ಲಿ ಗಂಭೀರ ಗಾಯಗಳ ಪ್ರಮಾಣ ಇಲ್ಲದವುಗಳಿಗಿಂತ ಶೇ. 50ಕ್ಕೂ ಹೆಚ್ಚಿತ್ತು. ಗಂಟೆಗೆ 100ರ ಆಸುಪಾಸಿನಲ್ಲಿದ್ದ ಟಾರ್ಗೆಟ್ 400ರವರೆಗೂ ಏರಿತ್ತು. ವರದಿಯ ತೀರ್ಮಾನವನ್ನು ಕಂಪನಿ ಒಪ್ಪಲಿಲ್ಲ. ಆದರೂ ಅಲ್ಲಿನ ತರ್ಕ ಸರಳವಾಗಿ ಕಾಣುತ್ತದೆ. ನಡಿಗೆ ಎಂದರೆ ಬರಿ ದಂಡವಲ್ಲ. ಭುಜಕ್ಕೆ, ಮಣಿಕಟ್ಟಿಗೆ, ಕಣ್ಣಿಗೆ ಸಿಗುತ್ತಿದ್ದ ಬಿಡುವು ಕೂಡ. ಆ ಬಿಡುವನ್ನು ತೆಗೆದು ಅದರ ಜಾಗದಲ್ಲಿ ಇನ್ನಷ್ಟು ಬಗ್ಗುವುದು, ಚಾಚುವುದು, ತಿರುಗುವುದನ್ನು ತುಂಬಿದರೆ ಮೈ ತಡೆಯುವುದಿಲ್ಲ. ದೀಪದ ಸಾಲಿಗೂ ಇದು ಅನ್ವಯಿಸುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ 2022ರ ಜನವರಿಯಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ದೊಡ್ಡ ಗೋದಾಮುಗಳು ತಮ್ಮ ಟಾರ್ಗೆಟ್ ಎಷ್ಟೆಂದು ಕೆಲಸಗಾರರಿಗೆ ಬರಹದಲ್ಲಿ ಕೊಡಬೇಕು. ಊಟ, ವಿರಾಮ, ಶೌಚಕ್ಕೆ ಹೋಗಲಾಗದಂಥ ಟಾರ್ಗೆಟ್ ಇಡುವಂತಿಲ್ಲ. ನಮ್ಮಲ್ಲಿ 2024ರ ಮೇ ತಿಂಗಳಲ್ಲಿ ಹರಿಯಾಣದ ಮಾನೇಸರ್‌ನ ಅಮೆಜಾನ್ ಗೋದಾಮಿನಲ್ಲಿ, 24 ಅಡಿಯ ಆರು ಟ್ರಕ್ಕುಗಳ ಸಾಮಾನು ಇಳಿಸುವವರೆಗೆ ಶೌಚಕ್ಕೂ ನೀರಿಗೂ ಹೋಗುವುದಿಲ್ಲವೆಂದು ಕೆಲಸಗಾರರಿಂದ ಪ್ರತಿಜ್ಞೆ ಮಾಡಿಸಿದರೆಂಬ ವರದಿ ಬಂದು, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಾನಾಗಿಯೇ ದೂರು ದಾಖಲಿಸಿಕೊಂಡು ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ನೋಟಿಸ್ ಕಳಿಸಿತು. ಅಲ್ಲಿ ದೀಪವಿರಲಿಲ್ಲ, ಬಾಯಿಮಾತಿನ ಪ್ರತಿಜ್ಞೆ ಇತ್ತು. ಅದಕ್ಕೇ ಅದು ಯಾರದೋ ಕಿವಿಗೆ ಬಿತ್ತು. ದೀಪ ಹತ್ತುವ ವೇಗದಲ್ಲೇ ಅದೇ ಒತ್ತಾಯ ಅಡಗಿದ್ದರೆ ಯಾರ ಕಿವಿಗೂ ಬೀಳುವುದಿಲ್ಲ. ಅಪ್ಪಣೆ ಕೊಟ್ಟ ಮನುಷ್ಯರೇ ಅಲ್ಲಿ ಕಾಣುವುದಿಲ್ಲ.

ಹಾಗಾದರೆ ದೀಪ ತೆಗೆದುಹಾಕಬೇಕೇ? ಬೇಡ. ಮಬ್ಬು ಬೆಳಕಿನಲ್ಲಿ ಸಣ್ಣಕ್ಷರದ ಪಟ್ಟಿ ಓದಿ ಕಣ್ಣು ಕೆಡಿಸಿಕೊಂಡವರು ಆ ಕಾಲಕ್ಕೆ ಮರಳಲು ಕೇಳುವುದಿಲ್ಲ, ನಾನೂ ಕೇಳುವುದಿಲ್ಲ. ಪರದೆಯಲ್ಲಿ ಅಂಕಿಯ ಜೊತೆ ಸಾಮಾನಿನ ಒಂದು ಗುರುತು ಇರಲಿ: ಚಿತ್ರವೋ, ಮಿಲಿಗ್ರಾಮೋ, ಮುಚ್ಚಳದ ಬಣ್ಣವೋ. ಶಾರ್ಟ್ ಎನ್ನುವ ಒಂದೇ ಮಾತಿನ ಜೊತೆ ತಪ್ಪು, ಒಡೆದಿದೆ, ಹಳತು ಎನ್ನುವ ಗುಂಡಿಗಳಿರಲಿ. ಅವನ್ನು ಒತ್ತಿದ ಕ್ಷಣಗಳನ್ನು ಟಾರ್ಗೆಟ್ಟಿನಿಂದ ಕಳೆಯಲಿ. ಒತ್ತಿದಾಗ ಯಾರಾದರೂ ಬಂದು ನೋಡಲಿ, ಮುಖ್ಯವಾದದ್ದು ಅದು. ಬಿನ್ ಜೋಡಣೆ ಬದಲಿಸುವಾಗ ತೆಗೆಯುವವರನ್ನು ಕೂರಿಸಿಕೊಂಡು ಕೇಳಲಿ, ಆ ಹೊತ್ತಿಗೆ ಸಂಬಳ ಕೊಡಲಿ. ಗಂಟೆಯ ಟಾರ್ಗೆಟ್ ಎಷ್ಟೆಂದು ಬರೆದುಕೊಡುವ ನಿಯಮ ನಮ್ಮ ರಾಜ್ಯಕ್ಕೂ ಬರಲಿ. ಇದರಲ್ಲಿ ಯಾವುದಕ್ಕೂ ಹೊಸ ಆವಿಷ್ಕಾರ ಬೇಕಿಲ್ಲ.

ಅವತ್ತು ಹೊಸಕೋಟೆಯ ಆ ಗೋದಾಮಿನಲ್ಲಿ ಹೊರಡುವ ಮುನ್ನ ಸಾಲಿನ ಕೊನೆಯಲ್ಲಿ ಒಂದು ಬಿನ್ನಿನ ಮುಂದೆ ನಿಂತೆ. ಅಕ್ಕಪಕ್ಕದಲ್ಲಿ ಎರಡು ಎಣ್ಣೆಯ ಬಾಟಲಿಗಳು, ಅಳತೆಯಲ್ಲಿ ಬಣ್ಣದಲ್ಲಿ ಒಂದೇ ಎನ್ನುವಂತಿದ್ದವು. ಅವುಗಳ ನಡುವಿನ ಕಂಬಿಯ ಮೇಲೆ ಒಂದು ತುಂಡು ಟೇಪು. ಅದರ ಮೇಲೆ ಯಾರೋ ಸ್ಕೆಚ್ ಪೆನ್ನಿನಿಂದ ಎರಡು ಬಾಟಲಿ ಬರೆದಿದ್ದರು. ಒಂದಕ್ಕೆ ಚಪ್ಪಟೆ ಮುಚ್ಚಳ, ಒಂದಕ್ಕೆ ಉದ್ದ ಮುಚ್ಚಳ, ಪ್ರತಿಯೊಂದರಿಂದ ತನ್ನ ಬಿನ್ನಿನ ಕಡೆಗೆ ಒಂದು ಬಾಣ. ಅಕ್ಷರ ಒಂದೂ ಇರಲಿಲ್ಲ. ಯಾರು ಬರೆದದ್ದು ಎಂದು ಕೇಳಿದೆ. ಹತ್ತಿರವಿದ್ದ ಹೆಂಗಸು ಸೂಪರ್‌ವೈಸರ್ ಕಡೆ ಒಮ್ಮೆ ನೋಡಿ, "ಗೊತ್ತಿಲ್ಲ ಸರ್, ಆಡಿಟ್ ಬಂದಾಗ ಕಿತ್ತಾಕ್ತಾರೆ, ಆಮೇಲೆ ಯಾರಾದ್ರೂ ಮತ್ತೆ ಅಂಟಿಸ್ತಾರೆ" ಎಂದರು. ಅಷ್ಟರಲ್ಲಿ ಅವರ ಮುಂದೆ ದೀಪ ಹತ್ತಿತು. ಅವರು ಟೇಪಿನ ಕಡೆ ಕಣ್ಣು ಹಾಯಿಸಿ, ಉದ್ದ ಮುಚ್ಚಳದ್ದನ್ನು ತೆಗೆದು ಕ್ರೇಟಿಗಿಟ್ಟು, ಗುಂಡಿ ಒತ್ತಿದರು.